ಕೊಳಗದಿಂದ ಸಾಲಿಗ್ರಾಮದವರೆಗೆ: ಕನ್ನಡದ ಲೇಖಕರು ಲೋಹಿಯಾರಲ್ಲಿ ಕಂಡದ್ದೇನು?

ಪ್ರಶ್ನೆ: ಕಳೆದ ಒಂದು ವರ್ಷದಿಂದ ಅನಂತಮೂರ್ತಿ, ಲಂಕೇಶ್, ತೇಜಸ್ವಿ, ದೇವನೂರ ಮಹಾದೇವ ಇವರನ್ನೆಲ್ಲ ಕ್ರಮವಾಗಿ ಓದುತ್ತಿದ್ದೇನೆ. ಇವರ ಮುನ್ನುಡಿಗಳಲ್ಲಿ, ಸಂದರ್ಶನಗಳಲ್ಲಿ, ಇವರ ಕುರಿತ ವಿಮರ್ಶೆಗಳಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ. ಲೋಹಿಯಾ ಉತ್ತರ ಪ್ರದೇಶದವರು, ಕನ್ನಡ ಬಲ್ಲವರಲ್ಲ, ಅವರ ಪಕ್ಷ ಇಲ್ಲಿ ಎಂದೂ ಅಧಿಕಾರಕ್ಕೆ ಬರಲಿಲ್ಲ. ಹೀಗಿರುವಾಗ ಒಬ್ಬ ರಾಜಕಾರಣಿ ನಮ್ಮ ಸಾಹಿತ್ಯದ ಮೇಲೆ ಇಷ್ಟು ಆಳವಾದ ಪ್ರಭಾವ ಬೀರಿದ್ದು ಹೇಗೆ? ಅದು ನಿಜವಾದ ಪ್ರಭಾವವೋ ಅಥವಾ ಒಂದು ಕಾಲದ ಹುರುಪಿನ ಮಾತೋ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಆರಂಭಿಸುತ್ತೇನೆ. ಅದು ಬರಿಯ ಹುರುಪಿನ ಮಾತಲ್ಲ. ಆದರೆ ಪ್ರಭಾವವೆಂದರೆ ಒಬ್ಬರ ಸಿದ್ಧಾಂತವನ್ನು ಇನ್ನೊಬ್ಬರು ಎರವಲು ಪಡೆದು ಕಥೆಯ ರೂಪದಲ್ಲಿ ಹೇಳುವುದು ಎಂದು ನಾವು ತಿಳಿದುಕೊಂಡಿದ್ದರೆ ಲೋಹಿಯಾರ ಪ್ರಭಾವ ನಮಗೆ ಎಲ್ಲಿಯೂ ಸಿಗುವುದಿಲ್ಲ. ನೀವು ಹೆಸರಿಸಿದ ನಾಲ್ವರಲ್ಲಿ ಯಾರೂ ಲೋಹಿಯಾರ ಕಾರ್ಯಕ್ರಮವನ್ನು ಕಥೆ ಮಾಡಿ ಬರೆದವರಲ್ಲ. ಅವರು ಲೋಹಿಯಾರಿಂದ ಪಡೆದದ್ದು ನೋಡುವ ಒಂದು ಕ್ರಮವನ್ನು. ಕೈಗೆ ಸಿಗುವ, ಕಣ್ಣಿಗೆ ಕಾಣುವ, ದಿನನಿತ್ಯದ ಒಂದು ವಸ್ತುವಿನಲ್ಲಿ ಇಡೀ ಸಮಾಜದ ಅಧಿಕಾರದ ವ್ಯವಸ್ಥೆ ಅಡಗಿ ಕುಳಿತಿರುತ್ತದೆ, ಅದನ್ನು ಅಲ್ಲಿಯೇ ಹಿಡಿಯಬೇಕು ಎಂಬುದು ಆ ಕ್ರಮ. ಇದು ರಾಜಕಾರಣಿಯ ಗುಣವಾಗಿರುವಷ್ಟೇ ಕಥೆಗಾರನ ಗುಣವೂ ಹೌದು. ಲೋಹಿಯಾ ನಮ್ಮ ಲೇಖಕರಿಗೆ ಒಗ್ಗಿದ್ದು ಮುಖ್ಯವಾಗಿ ಈ ಕಾರಣಕ್ಕೆ ಎಂಬುದು ನನ್ನ ಅಭಿಪ್ರಾಯ.

ಲೋಹಿಯಾರ ಜೀವನದ ಉದ್ದಕ್ಕೂ ಈ ಗುಣ ಕಾಣುತ್ತದೆ. 1910ರ ಮಾರ್ಚ್ 23ರಂದು ಅಕ್ಬರಪುರದಲ್ಲಿ ಹುಟ್ಟಿದ ಅವರು ಬರ್ಲಿನ್ನಿಗೆ ಹೋಗಿ ಡಾಕ್ಟರೇಟ್ ಪದವಿಗೆ ಆರಿಸಿಕೊಂಡ ವಿಷಯವೇ ಉಪ್ಪಿನ ಕರ ಮತ್ತು ಗಾಂಧಿಯವರ ಸತ್ಯಾಗ್ರಹ. ಒಂದು ಚಿಟಿಕೆ ಉಪ್ಪಿನಲ್ಲಿ ಸಾಮ್ರಾಜ್ಯವನ್ನು ಕಾಣಬಹುದು ಎಂಬುದನ್ನು ಗಾಂಧೀಜಿ ದಂಡಿಯಲ್ಲಿ ತೋರಿಸಿದ್ದರು, ಲೋಹಿಯಾ ಆ ಪಾಠವನ್ನು ಜೀವನಪೂರ್ತಿ ಮರೆಯಲಿಲ್ಲ. 1963ರಲ್ಲಿ ಫರೂಕಾಬಾದಿನ ಉಪಚುನಾವಣೆಯಲ್ಲಿ ಗೆದ್ದು ಮೊದಲ ಬಾರಿಗೆ ಲೋಕಸಭೆಗೆ ಬಂದಾಗ ಅವರು ಸದನದ ಮುಂದಿಟ್ಟದ್ದು ಮೂರಾಣೆಯ ಲೆಕ್ಕವನ್ನು (ರೂಪಾಯಿಗೆ ಹದಿನಾರು ಆಣೆ). ಈ ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯವರ ಮೇಲೆ ದಿನಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ ಖರ್ಚಾಗುತ್ತಿದೆ ಎಂಬುದು ಅವರ ವಾದ. ಮೂರಾಣೆಯಲ್ಲ, ಹದಿನೈದಾಣೆ ಎಂಬ ಉತ್ತರ ಸರಕಾರದ ಕಡೆಯಿಂದ ಬಂತು. ಅಂಕಿಸಂಖ್ಯೆಯ ಈ ಜಗಳ ಬಡತನವೆಂಬ ಮಸುಕು ಪದವನ್ನು ಜನರ ಅಂಗೈಯಲ್ಲಿ ನಾಣ್ಯವಾಗಿ ಇಟ್ಟಿತು. ಹಳ್ಳಿಯ ಹೆಂಗಸರಿಗೆ ಶೌಚಾಲಯವಿಲ್ಲದ ಸಂಕಟವನ್ನು, ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕಳೆದುಕೊಳ್ಳುವ ಅವರ ಪಾಡನ್ನು ರಾಷ್ಟ್ರೀಯ ರಾಜಕಾರಣದ ವಿಷಯವೆಂದು ಅಷ್ಟು ಹಿಂದೆಯೇ ಹಟ ಹಿಡಿದು ಹೇಳಿದವರೂ ಅವರೇ.

ಕನ್ನಡನಾಡಿನಲ್ಲಿ ಅಂಥ ವಸ್ತು ಅವರಿಗೆ ಸಿಕ್ಕಿದ್ದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಅದು ಭತ್ತ ಅಳೆಯುವ ಕೊಳಗ. ಮಲೆನಾಡಿನ ಗೇಣಿದಾರ ವರ್ಷವಿಡೀ ದುಡಿದು ಬೆಳೆದ ಭತ್ತದಲ್ಲಿ ಒಡೆಯರ ಪಾಲನ್ನು ಅಳೆದು ಕೊಡಬೇಕಾಗಿತ್ತು. ಆದರೆ ಗೇಣಿ ಅಳೆದುಕೊಳ್ಳುವಾಗ ಒಡೆಯರು ತರುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿರುತ್ತಿತ್ತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು ಎಂಬ ಹಿಂದುಳಿದ ಸಮುದಾಯದವರು. ಅಳತೆ ತಪ್ಪೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಬಾಯಿ ತೆರೆಯಲಾಗದ ಸ್ಥಿತಿಯಲ್ಲಿ ಅವರಿದ್ದರು, ಏಕೆಂದರೆ ಭೂಮಿಯ ಒಡೆತನದ ಜೊತೆಗೆ ಜಾತಿಯ ಮೇಲರಿಮೆಯೂ ಆ ಕೊಳಗದ ಬೆನ್ನಿಗಿತ್ತು. ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘ ಈ ಅಳತೆಯನ್ನು ಪ್ರಶ್ನಿಸಿತು, ಜಗಳ ಬೆಳೆಯಿತು. 1951ರಲ್ಲಿ ಸಮಾಜವಾದಿ ಪಕ್ಷ ಅದನ್ನು ಸತ್ಯಾಗ್ರಹವಾಗಿ ಕೈಗೆತ್ತಿಕೊಂಡಿತು. ಆ ವರ್ಷದ ಜೂನಿನಲ್ಲಿ ಲೋಹಿಯಾ ಬಂದು ಸತ್ಯಾಗ್ರಹದಲ್ಲಿ ಸೇರಿ ಸೆರೆಯಾದರು.

ಸತ್ಯಾಗ್ರಹ ತಕ್ಷಣಕ್ಕೆ ಗೆಲ್ಲಲಿಲ್ಲ. ಉಳುವವನಿಗೆ ಭೂಮಿ ಎಂಬ ಮಾತು ಕಾನೂನಿನ ಬಲ ಪಡೆಯಲು ದೇವರಾಜ ಅರಸು ಅವರ ಕಾಲದ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆದರೆ ಸಾಹಿತ್ಯದ ದೃಷ್ಟಿಯಿಂದ ಕಾಗೋಡಿನ ಫಲ ಬೇಗನೆ ಸಿಕ್ಕಿತು. ತೀರ್ಥಹಳ್ಳಿ, ಸಾಗರ, ಶಿವಮೊಗ್ಗಗಳ ಓದುಬರಹದ ಹುಡುಗರ ಒಂದು ತಲೆಮಾರು ಜಾತಿ ಮತ್ತು ಜಮೀನು ಒಂದಕ್ಕೊಂದು ಹೆಣೆದುಕೊಂಡಿರುವ ಬಗೆಯನ್ನು ಪುಸ್ತಕದಿಂದ ಕಲಿಯುವ ಮೊದಲೇ ತಮ್ಮ ಅಂಗಳದಲ್ಲಿ ಕಂಡಿತು. ಅವರ ನಡುವೆ ಓಡಾಡುತ್ತಿದ್ದವರು ಶಾಂತವೇರಿ ಗೋಪಾಲಗೌಡರು. 1952ರ ಚುನಾವಣೆಯಲ್ಲಿ ಗೆದ್ದು ಶಾಸನಸಭೆಗೆ ಹೋದ ಈ ಸಮಾಜವಾದಿ ನಾಯಕ ಕಾವ್ಯವನ್ನು ಮನಸಾರೆ ಪ್ರೀತಿಸುತ್ತಿದ್ದವರು, ಕವಿ ಗೋಪಾಲಕೃಷ್ಣ ಅಡಿಗರ ಗೆಳೆಯರು, ಅನಂತಮೂರ್ತಿಯವರಂಥ ಕಿರಿಯರಿಗೆ ಅಣ್ಣನಂತಿದ್ದವರು. ಲೋಹಿಯಾರ ವಿಚಾರ ಕನ್ನಡದ ಲೇಖಕರನ್ನು ತಲುಪಿದ್ದು ಪಕ್ಷದ ಕರಪತ್ರಗಳಿಗಿಂತ ಹೆಚ್ಚಾಗಿ ಗೋಪಾಲಗೌಡರ ಮಾತು ಮತ್ತು ಬದುಕಿನ ಮೂಲಕ. ಅವರು 1972ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅನಂತಮೂರ್ತಿಯವರ ‘ಅವಸ್ಥೆ’ಯಲ್ಲಿ ಹಾಸಿಗೆ ಹಿಡಿದು ಮಲಗಿ ತನ್ನ ಇಡೀ ರಾಜಕೀಯ ಬದುಕನ್ನು ನೆನೆಯುವ ಕೃಷ್ಣಪ್ಪಗೌಡನ ಹಿಂದೆ ಗೋಪಾಲಗೌಡರ ನೆರಳಿರುವುದನ್ನು ಓದುಗರೆಲ್ಲ ಬಲ್ಲರು. ವಿಚಾರಧಾರೆಯೊಂದು ಒಂದು ಭಾಷೆಯಲ್ಲಿ ಬೇರು ಬಿಡಬೇಕಾದರೆ ಅದನ್ನು ಬದುಕಿ ತೋರಿಸಿದ ಒಬ್ಬ ಮನುಷ್ಯ ಆ ನೆಲದಲ್ಲಿ ಬೇಕಾಗುತ್ತದೆ. ನಮ್ಮ ಪುಣ್ಯಕ್ಕೆ ಅಂಥವರು ಇಲ್ಲಿದ್ದರು.

ಇನ್ನು ವಿಚಾರದ ಮಾತು. ಆ ಕಾಲದ ಎಡಪಂಥೀಯ ಚಿಂತನೆ ವರ್ಗವನ್ನು ಮುಖ್ಯವೆಂದೂ ಜಾತಿಯನ್ನು ಅದರ ಮೇಲಿನ ಪೊರೆಯೆಂದೂ ಬಗೆಯುತ್ತಿತ್ತು, ಆರ್ಥಿಕ ವ್ಯವಸ್ಥೆ ಬದಲಾದರೆ ಜಾತಿ ತಾನಾಗಿ ಉದುರಿಹೋಗುತ್ತದೆ ಎಂಬ ನಂಬಿಕೆ ಅದರದು. ಲೋಹಿಯಾ ಇದನ್ನು ಒಪ್ಪಲಿಲ್ಲ. ಚಲನೆ ಕಳೆದುಕೊಂಡು ಹೆಪ್ಪುಗಟ್ಟಿದ ವರ್ಗವೇ ಜಾತಿ, ಚಲನೆಯುಳ್ಳ ಜಾತಿಯೇ ವರ್ಗ, ಸಮಾಜಗಳು ಇತಿಹಾಸದುದ್ದಕ್ಕೂ ಈ ಎರಡರ ನಡುವೆ ತೂಗಾಡುತ್ತಿರುತ್ತವೆ ಎಂದು ಅವರು ವಾದಿಸಿದರು. ಈ ಸೂತ್ರವನ್ನು ಇತಿಹಾಸಕಾರರು ಎಷ್ಟು ಮಟ್ಟಿಗೆ ಒಪ್ಪುತ್ತಾರೆಂಬುದು ಬೇರೆ ಮಾತು. ಕಥೆಗಾರನಿಗೆ ಅದು ಕೊಟ್ಟ ಧೈರ್ಯ ದೊಡ್ಡದು. ಅಗ್ರಹಾರದ ಮಡಿ, ಹೊಲೆಗೇರಿಯ ಹಸಿವು, ಗೌಡರ ಮನೆಯ ದರ್ಪ ಇವೆಲ್ಲ ಹಳೆಯ ಕಾಲದ ಉಳಿಕೆಗಳಲ್ಲ, ಇಂದಿನ ರಾಜಕೀಯದ ತಿರುಳು, ಆದ್ದರಿಂದ ನಿನ್ನ ಊರಿನ ಬಗ್ಗೆ ಬರೆದರೆ ನೀನು ಹಿಂದುಳಿದ ವಿಷಯದ ಬಗ್ಗೆ ಬರೆದಂತಲ್ಲ ಎಂಬ ಆಶ್ವಾಸನೆ ಅದರಲ್ಲಿತ್ತು.

ಆಗ ಕನ್ನಡ ಸಾಹಿತ್ಯದಲ್ಲಿ ನವ್ಯ ಚಳವಳಿಯ ಕಾಲ. ಪಶ್ಚಿಮದ ಅಸ್ತಿತ್ವವಾದದ ಗಾಳಿ ಬಲವಾಗಿ ಬೀಸುತ್ತಿತ್ತು. ವ್ಯಕ್ತಿಯ ಒಂಟಿತನ, ಆಯ್ಕೆಯ ಭಾರ, ಅರ್ಥಹೀನತೆ ಇವು ಕಥೆಗಳ ವಸ್ತುವಾಗಿದ್ದವು. ಒಂದು ಕಡೆ ವ್ಯಕ್ತಿಯನ್ನಷ್ಟೇ ಕಾಣುವ ಈ ನೋಟ, ಇನ್ನೊಂದು ಕಡೆ ವ್ಯಕ್ತಿಯನ್ನು ವರ್ಗದ ಒಂದು ಘಟಕವಾಗಿ ಮಾತ್ರ ಕಾಣುವ ನೋಟ, ಇವೆರಡರ ನಡುವೆ ಸಿಕ್ಕಿದ್ದ ಸೂಕ್ಷ್ಮ ಲೇಖಕರಿಗೆ ಲೋಹಿಯಾ ಮೂರನೆಯ ದಾರಿಯಂತೆ ಕಂಡರು. ಅವರು ಎಣಿಸಿದ ಸಪ್ತಕ್ರಾಂತಿಗಳಲ್ಲಿ ಹೆಣ್ಣುಗಂಡಿನ ಸಮಾನತೆ, ಜಾತಿಯ ನಾಶ, ಚರ್ಮದ ಬಣ್ಣದ ಅಸಮಾನತೆಯ ವಿರುದ್ಧದ ಹೋರಾಟ, ಆರ್ಥಿಕ ಸಮಾನತೆ ಇವುಗಳ ಜೊತೆಯಲ್ಲೇ ವ್ಯಕ್ತಿಯ ಖಾಸಗಿ ಬದುಕಿನಲ್ಲಿ ಅನ್ಯಾಯವಾಗಿ ತಲೆಹಾಕುವುದರ ವಿರುದ್ಧದ ಕ್ರಾಂತಿಯೂ ಇತ್ತು. ಸಮಾಜ ಬದಲಾಗಬೇಕು, ಆದರೆ ಮನುಷ್ಯನ ಅಂತರಂಗ ಯಾವ ಪಕ್ಷದ ಸೊತ್ತೂ ಅಲ್ಲ ಎನ್ನುವ ಕ್ರಾಂತಿಕಾರಿಯನ್ನು ಕಾದಂಬರಿಕಾರ ನಂಬದೆ ಇರುವುದು ಹೇಗೆ?

ಇಷ್ಟಕ್ಕೂ ನೆಲ ಮೊದಲೇ ಹದವಾಗಿತ್ತು ಎಂಬುದನ್ನು ಮರೆಯಬಾರದು. ಹನ್ನೆರಡನೆಯ ಶತಮಾನದ ವಚನಕಾರರ ನೆನಪು ಇಲ್ಲಿ ಸತ್ತಿರಲಿಲ್ಲ. 1944ರಲ್ಲಿಯೇ ಕುವೆಂಪು ‘ಶೂದ್ರ ತಪಸ್ವಿ’ ನಾಟಕದಲ್ಲಿ, ತಪಸ್ಸು ಮಾಡಿದ್ದಕ್ಕೆ ರಾಮಾಯಣದಲ್ಲಿ ರಾಮನಿಂದ ಹತನಾಗುವ ಶೂದ್ರ ಶಂಬೂಕನ ತಲೆ ಉಳಿಸಿ, ರಾಮನ ಬಾಣವನ್ನು ಬ್ರಾಹ್ಮಣನ ಕಡೆಗೆ ತಿರುಗಿಸಿದ್ದರು. ಲೋಹಿಯಾ ಹೊತ್ತಿಸಿದ್ದು ಹೊಸ ಬೆಂಕಿಯನ್ನಲ್ಲ, ಒಲೆಯಲ್ಲಿದ್ದ ಕೆಂಡವನ್ನು ಊದಿದರು ಎಂದರೆ ಸರಿಯಾದೀತು.

ಈಗ ಕೃತಿಗಳನ್ನೇ ಹತ್ತಿರದಿಂದ ನೋಡೋಣ. ಅನಂತಮೂರ್ತಿಯವರ 1973ರ ಕಾದಂಬರಿ ‘ಭಾರತೀಪುರ’ದಲ್ಲಿ ಇಂಗ್ಲೆಂಡಿನಿಂದ ಮರಳಿದ ಜಮೀನುದಾರ ಜಗನ್ನಾಥ ಹೊಲೆಯರನ್ನು ಮಂಜುನಾಥನ ಗುಡಿಯೊಳಕ್ಕೆ ಕರೆದೊಯ್ಯಬೇಕೆಂದು ನಿಶ್ಚಯಿಸುತ್ತಾನೆ. ಅದಕ್ಕೆ ಮೊದಲು ತನ್ನ ಮನೆಯ ದೇವರ ಕೋಣೆಯಿಂದ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಅದನ್ನು ಮುಟ್ಟಿರೆಂದು ಅವರಿಗೆ ಹೇಳುತ್ತಾನೆ. ಅವನಿಗೆ ಅದು ಬರಿಯ ಕಲ್ಲು, ಮುಟ್ಟಿದರೆ ಶತಮಾನಗಳ ಭಯ ಮುರಿಯುತ್ತದೆ ಎಂಬ ಲೆಕ್ಕ. ಮುಟ್ಟಬೇಕಾದವರು ಹಿಂದೆ ಸರಿಯುತ್ತಾರೆ. ಸಾಕಿದ ಚಿಕ್ಕಿ ಸಂಕಟದಿಂದ ನೋಡುತ್ತಿದ್ದಾಳೆ. ಜಗನ್ನಾಥನ ಒಳಗೆ ಕರುಣೆಯ ಜಾಗದಲ್ಲಿ ಸಿಟ್ಟು ಏಳುತ್ತದೆ, ಅವನು ಗದರುತ್ತಾನೆ, ಅವರು ಹೆದರಿ ಮುಟ್ಟಿ ಹೋಗಿಬಿಡುತ್ತಾರೆ. ವಿಮೋಚನೆಯ ಕ್ರಿಯೆಯೇ ಆಜ್ಞೆಯಾಗಿ, ಯಜಮಾನನ ದನಿಯಲ್ಲಿ ಹೊರಬಿದ್ದ ಆ ಗಳಿಗೆಯಲ್ಲಿ ಜಗನ್ನಾಥನೂ ಮನುಷ್ಯತ್ವ ಕಳೆದುಕೊಳ್ಳುತ್ತಾನೆ, ಅವರನ್ನೂ ಮನುಷ್ಯರಾಗಿ ಉಳಿಸುವುದಿಲ್ಲ. ಈ ಪುಟಗಳನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ತರಗತಿ ಸ್ತಬ್ಧವಾಗುತ್ತದೆ. ಲೋಹಿಯಾವಾದಿ ಕಾದಂಬರಿ ಎಂದು ಹೆಸರಾದ ಈ ಕೃತಿ ಲೋಹಿಯಾರ ಆಶಯವನ್ನು ಒಪ್ಪಿಕೊಂಡೇ ಅದು ಕೆಡುವ ಜಾಗವನ್ನೂ ತೋರಿಸುತ್ತದೆ. ಪ್ರಭಾವ ನಿಜವೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಬಲವಾದ ಉತ್ತರ ನನಗೆ ಹೊಳೆಯುವುದಿಲ್ಲ: ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಳ್ಳುವಂತೆ ಲೇಖಕನನ್ನು ಪ್ರೇರೇಪಿಸಿದ ವಿಚಾರ ಎರವಲಿನ ವಿಚಾರವಾಗಿರುವುದಿಲ್ಲ.

ಲಂಕೇಶರ ‘ಮುಟ್ಟಿಸಿಕೊಂಡವನು’ ಕಥೆಯಲ್ಲಿ ವಸ್ತು ಇನ್ನೂ ಹತ್ತಿರದ್ದು, ಅದು ಮನುಷ್ಯನ ಕಣ್ಣು. ಬಸಲಿಂಗನೆಂಬ ರೈತ ಕಣ್ಣು ನೋವಾಗಿ ಡಾಕ್ಟರ್ ತಿಮ್ಮಪ್ಪನ ಬಳಿ ಹೋಗುತ್ತಾನೆ. ವೈದ್ಯ ಚೆನ್ನಾಗಿಯೇ ನೋಡುತ್ತಾನೆ, ತಲೆಗೆ ನೀರು ಹಾಕಿಕೊಳ್ಳಬಾರದೆಂದು ಹೇಳಿ ಕಳಿಸುತ್ತಾನೆ. ಆದರೆ ತನ್ನನ್ನು ಮುಟ್ಟಿದ ಆ ಕೈ ಅಸ್ಪೃಶ್ಯ ಜಾತಿಯವನದೆಂದು ತಿಳಿದಾಗ ಬಸಲಿಂಗನಿಗೆ ತಡೆಯುವುದಿಲ್ಲ, ಮೈಲಿಗೆ ಕಳೆಯಲು ಸ್ನಾನ ಮಾಡುತ್ತಾನೆ, ಕಣ್ಣು ಕೆಡುತ್ತದೆ. ಲಂಕೇಶರು ಬಸಲಿಂಗನನ್ನು ಹೀಗಳೆಯುವುದಿಲ್ಲ. ಅವನು ಕ್ರೂರಿಯಲ್ಲ, ಒಳ್ಳೆಯ ಸಂಸಾರಸ್ಥ. ತನ್ನ ಕಣ್ಣಿಗಿಂತ ತನ್ನ ಜಾತಿಯೇ ದೊಡ್ಡದೆಂದು ಅವನು ಎಂದೂ ಕುಳಿತು ಯೋಚಿಸಿದವನಲ್ಲ, ಆ ತೀರ್ಮಾನ ಅವನ ಮೈಯಲ್ಲಿಯೇ ಇತ್ತು. ಜಾತಿ ಬರಿಯ ಅಭಿಪ್ರಾಯವಲ್ಲ, ಮೈಗೆ ಅಂಟಿದ ಅಭ್ಯಾಸ ಎಂಬುದನ್ನು ಒಂದು ಗ್ರಂಥ ಇಷ್ಟು ಚಿಕ್ಕದಾಗಿ ಹೇಳಲಾರದು.

ತೇಜಸ್ವಿಯವರು ತಮ್ಮ ಋಣವನ್ನು ಮುಚ್ಚಿಡದೆ ಹೇಳಿಕೊಂಡವರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯದಿಂದ ಬಿಡಿಸಿಕೊಂಡು ಹೊರಟಾಗ, ತಮ್ಮ ಈಚಿನ ಬರವಣಿಗೆಯ ಮೇಲೆ ಗಾಢ ಪರಿಣಾಮ ಬೀರಿದವೆಂದು ಹೇಳಿದ್ದು ಮೂರನ್ನು ಮಾತ್ರ: ಲೋಹಿಯಾರ ತತ್ತ್ವಚಿಂತನೆ, ಕುವೆಂಪು ಅವರ ಕಲಾಕೃತಿಗಳು, ಕಾರಂತರ ಜೀವನದೃಷ್ಟಿ. ಆದರೆ ತೇಜಸ್ವಿಯವರಲ್ಲಿ ಲೋಹಿಯಾರನ್ನು ಹುಡುಕಬೇಕಾದದ್ದು ಜಾತಿಯ ಚರ್ಚೆಯಲ್ಲಲ್ಲ ಎಂದು ನನಗೆ ಅನಿಸುತ್ತದೆ. ‘ಕರ್ವಾಲೊ’ ಕಾದಂಬರಿಯನ್ನು ನೆನಪಿಸಿಕೊಳ್ಳಿ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾಗಿ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ನಿಸರ್ಗತಜ್ಞನೊಬ್ಬನನ್ನು ಕಾಣುತ್ತಾರೆ. ಪದವಿಯಿಲ್ಲದವನ ಅರಿವನ್ನು ಅರಿವೆಂದು ಗುರುತಿಸುವ ಈ ಗೌರವ ಲೋಹಿಯಾರ ಭಾಷಾನೀತಿಯ ಒಳಗಿದ್ದ ಗೌರವವೇ.

ಭಾಷೆಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷನ್ನು ಸಾರ್ವಜನಿಕ ಬಳಕೆಯಿಂದ ತೆಗೆಯಬೇಕೆಂಬ ಲೋಹಿಯಾರ ಚಳವಳಿಯನ್ನು ದಕ್ಷಿಣದವರು ಹಿಂದಿಯ ಹೇರಿಕೆಯ ಇನ್ನೊಂದು ರೂಪವೆಂದು ಶಂಕಿಸಿದ್ದು ಸಹಜ, ಆ ಶಂಕೆಗೆ ಕಾರಣಗಳೂ ಇದ್ದವು. ಆದರೆ ಅವರ ವಾದದ ತಿರುಳು ಬೇರೆ. ಕೋಟ್ಯಂತರ ಜನರಿಗೆ ಅರ್ಥವಾಗದ ಭಾಷೆಯಲ್ಲಿ ನಡೆಯುವ ನ್ಯಾಯ, ಆಡಳಿತ, ವಿದ್ಯೆ ಇವು ಆ ಜನರಲ್ಲಿ ಕೀಳರಿಮೆ ತುಂಬುತ್ತವೆ, ಇಂಗ್ಲಿಷ್ ಬಲ್ಲ ಮೇಲ್ಜಾತಿಯ ಸಣ್ಣ ಗುಂಪಿನ ಹಿಡಿತದಲ್ಲಿ ದೇಶವನ್ನು ಇಡುತ್ತವೆ ಎಂಬುದು ಅದು. ಬರ್ಲಿನ್ನಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಸೊಗಸಾಗಿ ಬರೆಯುತ್ತಿದ್ದವರು ಈ ಮಾತು ಹೇಳಿದ್ದರಿಂದ ಅದಕ್ಕೆ ತೂಕವಿತ್ತು. ಅನಂತಮೂರ್ತಿ ಮತ್ತು ಲಂಕೇಶ್ ಇಬ್ಬರೂ ಇಂಗ್ಲಿಷ್ ಅಧ್ಯಾಪಕರು. ತರಗತಿಯಲ್ಲಿ ಇಂಗ್ಲಿಷ್ ಕಲಿಸುತ್ತ ಮನೆಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದ ಅವರಿಗೆ ತಾವು ಮಾಡುತ್ತಿರುವುದು ಹಿಂದಡಿಯಲ್ಲ, ಪ್ರಜಾಪ್ರಭುತ್ವದ ಕೆಲಸ ಎಂಬ ಭರವಸೆ ಇದರಿಂದ ಸಿಕ್ಕಿತು. 1967ರಲ್ಲಿ ಶಿವಮೊಗ್ಗದಿಂದ ಲೋಹಿಯಾರ ಪಕ್ಷದ ಅಭ್ಯರ್ಥಿಯಾಗಿ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಆ ಸದನದಲ್ಲಿ ಕನ್ನಡ ಕೇಳಿಬಂದದ್ದು ಅದೇ ಮೊದಲು. ಅದೇ ವರ್ಷದ ಅಕ್ಟೋಬರ್ 12ರಂದು ಲೋಹಿಯಾ ತೀರಿಕೊಂಡರು.

ಲೇಖಕರನ್ನು ಸೆಳೆದ ಇನ್ನೊಂದು ಮುಖವೆಂದರೆ ಪುರಾಣದ ಜೊತೆಗಿನ ಅವರ ಒಡನಾಟ. ಅವರು ನಾಸ್ತಿಕರು, ಆದರೂ ರಾಮ, ಕೃಷ್ಣ, ಶಿವ ಇವರ ಕುರಿತ ಅವರ ಪ್ರಬಂಧವನ್ನು ಓದಿದರೆ ನಾಸ್ತಿಕನೊಬ್ಬ ದೇವರುಗಳನ್ನು ಇಷ್ಟು ಪ್ರೀತಿಯಿಂದ ನೋಡಬಹುದೇ ಎಂದು ಅಚ್ಚರಿಯಾಗುತ್ತದೆ. ಈ ಮೂವರು ಭಾರತದ ಪೂರ್ಣತೆಯ ಮೂರು ಮಹಾಸ್ವಪ್ನಗಳು, ಅವರು ಇದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎನ್ನುತ್ತಾರೆ ಲೋಹಿಯಾ. ರಾಮ ಮರ್ಯಾದೆಯ ಗೆರೆಯೊಳಗೆ ಪೂರ್ಣನಾದವನು, ಉತ್ತರ ದಕ್ಷಿಣಗಳನ್ನು ಬೆಸೆದವನು. ಕೃಷ್ಣ ಗೆರೆಗಳನ್ನು ಮೀರಿ ಉಕ್ಕಿದವನು, ಪೂರ್ವ ಪಶ್ಚಿಮಗಳನ್ನು ಬೆಸೆದವನು. ಶಿವನಿಗೆ ಅಳತೆಯೇ ಇಲ್ಲ, ಸತ್ತ ಸತಿಯ ದೇಹವನ್ನು ಹೆಗಲ ಮೇಲೆ ಹೊತ್ತು, ಅದು ಒಂದೊಂದೇ ಅಂಗವಾಗಿ ಕಳಚಿ ಬೀಳುವವರೆಗೂ ಅಲೆದ ಅವನಂಥ ಪ್ರೇಮಿ ಇನ್ನೊಬ್ಬನಿಲ್ಲ. ಕೊನೆಯಲ್ಲಿ ಅವರು ಭಾರತಮಾತೆಯಲ್ಲಿ ಬೇಡುವುದು ಶಿವನ ಮನಸ್ಸನ್ನು, ಕೃಷ್ಣನ ಹೃದಯವನ್ನು, ರಾಮನ ಮಾತು ಮತ್ತು ನಡತೆಯನ್ನು. ಸಾವಿತ್ರಿಯನ್ನು ಹೆಣ್ಣಿನ ಆದರ್ಶವೆಂದು ಮೆರೆಸುವ ನಾವು, ಸಭೆಯಲ್ಲಿ ಗಂಡಸರನ್ನೆಲ್ಲ ಪ್ರಶ್ನಿಸಿದ ಜಾಣೆ, ಕಪ್ಪು ಮೈಬಣ್ಣದ ದ್ರೌಪದಿಯನ್ನು ಏಕೆ ಬದಿಗಿಟ್ಟೆವು ಎಂದೂ ಅವರು ಕೇಳಿದರು. ಪುರಾಣವನ್ನು ಪೂಜಿಸುವುದು ಅಥವಾ ಎಸೆಯುವುದು ಎಂಬ ಎರಡೇ ದಾರಿ ಕಂಡಿದ್ದವರಿಗೆ, ಅದರೊಳಗೆ ಹೊಕ್ಕು ಅದರ ಜೊತೆ ಜಗಳವಾಡುವ ದಾರಿಯನ್ನು ಅವರು ತೋರಿಸಿದರು. ಈ ಬಗೆಯ ಪ್ರಬಂಧಗಳ ಸಂಗ್ರಹವನ್ನು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ‘ರಾಜಕೀಯದ ಮಧ್ಯೆ ಬಿಡುವು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಮ್ ಇರುವ ಹೆಗ್ಗೋಡು, ಕೊಳಗದ ಜಗಳ ನಡೆದ ಕಾಗೋಡು ಎರಡೂ ಸಾಗರ ತಾಲ್ಲೂಕಿನಲ್ಲಿಯೇ ಇವೆ ಎಂಬುದು ನನಗೆ ಯಾವಾಗಲೂ ಅರ್ಥಪೂರ್ಣವಾಗಿ ಕಂಡಿದೆ.

ಇಷ್ಟು ಹೇಳಿದ ಮೇಲೆ ಮಿತಿಗಳನ್ನು ಹೇಳದಿದ್ದರೆ ನಿಮಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ಕಾಂಗ್ರೆಸ್ಸನ್ನು ಸೋಲಿಸಲು ಎಲ್ಲ ವಿರೋಧ ಪಕ್ಷಗಳೂ ಒಂದಾಗಬೇಕೆಂಬ ಅವರ ತಂತ್ರ 1967ರಲ್ಲಿ ಉತ್ತರ ಭಾರತದ ಹಲವು ರಾಜ್ಯಗಳಲ್ಲಿ ಸಮಾಜವಾದಿಗಳನ್ನು ಬಲಪಂಥದ ಜನಸಂಘದ ಜೊತೆ ಕೂರಿಸಿತು, ಅದರ ದೂರದ ಪರಿಣಾಮಗಳ ಬಗ್ಗೆ ಲೋಹಿಯಾವಾದಿಗಳೇ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನಮ್ಮಲ್ಲಿಯೂ ಗೋಪಾಲಗೌಡರ ಗೆಳೆಯರಾಗಿದ್ದ ಅಡಿಗರು 1971ರಲ್ಲಿ ಜನಸಂಘದ ಬೆಂಬಲದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಒಂದೇ ಚಾವಡಿಯಲ್ಲಿ ಕುಳಿತು ಹರಟಿದವರು ಎಷ್ಟು ದೂರ ದೂರದ ದಾರಿ ಹಿಡಿಯಬಹುದೆಂಬುದಕ್ಕೆ ಇದೊಂದು ನಿದರ್ಶನ.

ಇದಕ್ಕಿಂತ ಗಂಭೀರವಾದ ಮಿತಿ ಬೇರೆಯಿದೆ. ಲೋಹಿಯಾರ ಸಪ್ತಕ್ರಾಂತಿಯಲ್ಲಿ ಹೆಣ್ಣುಗಂಡಿನ ಸಮಾನತೆಗೆ ಅಗ್ರಸ್ಥಾನ, ಹಿಂದುಳಿದವರಿಗೆ ನೂರರಲ್ಲಿ ಅರವತ್ತು ಪಾಲು ಸಿಗಬೇಕೆಂದಾಗ ಆ ಅರವತ್ತರಲ್ಲಿ ಶೂದ್ರರು, ದಲಿತರು, ಆದಿವಾಸಿಗಳ ಜೊತೆಗೆ ಎಲ್ಲ ಜಾತಿಯ ಹೆಂಗಸರನ್ನೂ ಅವರು ಸೇರಿಸಿದ್ದರು. ಆದರೆ ಲೋಹಿಯಾರ ಹೆಸರು ಹೇಳುವ ಕನ್ನಡದ ಲೇಖಕರ ಪಟ್ಟಿಯಲ್ಲಿ ಹೆಂಗಸರು ಎಷ್ಟು ಮಂದಿ? ನಿಮ್ಮ ಪ್ರಶ್ನೆಯಲ್ಲಿಯೂ ನಾಲ್ವರೂ ಗಂಡಸರೇ, ಅದು ನಿಮ್ಮ ತಪ್ಪಲ್ಲ. ಮಾತಿನ ಚಾವಡಿ ಗಂಡಸರದಾಗಿತ್ತು. ಆದರೂ ಈ ಪ್ರವಾಹದ ಒಂದು ಕವಲು ಆ ಕಡೆಗೂ ಹರಿಯಿತು ಎಂಬುದಕ್ಕೆ ಒಂದು ಉದಾಹರಣೆಯುಂಟು: ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಮೊದಲು ಧಾರಾವಾಹಿಯಾಗಿ ಪ್ರಕಟವಾದದ್ದು ಲಂಕೇಶರು 1980ರಲ್ಲಿ ಆರಂಭಿಸಿದ ಪತ್ರಿಕೆಯಲ್ಲಿ.

ಅಂಬೇಡ್ಕರರ ವಿಷಯ ಇನ್ನೂ ಕಷ್ಟದ್ದು. ‘ಜಾತಿವಿನಾಶ’ದ ಮಾತನ್ನು ಅಂಬೇಡ್ಕರ್ 1936ರಲ್ಲಿಯೇ ಆಡಿ ಮುಗಿಸಿದ್ದರು. ಅದನ್ನು ನಮ್ಮ ಸಾಹಿತ್ಯವಲಯ ದಶಕಗಳ ನಂತರ ಲೋಹಿಯಾರ ಬಾಯಿಂದ ಕೇಳಿ ಒಪ್ಪಿಕೊಂಡಿತು ಎಂಬುದರಲ್ಲಿಯೇ ಜಾತಿಯ ಕೆಲಸವಿದೆ ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯಲಾರೆ. ಲೋಹಿಯಾ ಸ್ವತಃ ಅಂಬೇಡ್ಕರರ ಮಹತ್ವ ಅರಿತಿದ್ದರು. 1955-56ರಲ್ಲಿ ಇಬ್ಬರ ನಡುವೆ ಪತ್ರವ್ಯವಹಾರ ನಡೆದು, ಭೇಟಿಯ ಮಾತೂ ಆಗಿತ್ತು. 1956ರ ಡಿಸೆಂಬರಿನಲ್ಲಿ ಅಂಬೇಡ್ಕರ್ ತೀರಿಕೊಂಡಿದ್ದರಿಂದ ಆ ಭೇಟಿ ನಡೆಯಲೇ ಇಲ್ಲ. ಇಪ್ಪತ್ತನೆಯ ಶತಮಾನದ ಭಾರತದಲ್ಲಿ ನಡೆಯದೆ ಹೋದ ಭೇಟಿಗಳಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಇದು. ಕನ್ನಡದಲ್ಲಿ ಆ ಎರಡು ಧಾರೆಗಳು ಕೂಡಿದ್ದು ಎಪ್ಪತ್ತರ ದಶಕದಲ್ಲಿ, ಬಿ. ಕೃಷ್ಣಪ್ಪನವರ ಮುಂದಾಳುತನದ ದಲಿತ ಸಂಘರ್ಷ ಸಮಿತಿ, ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, ದೇವನೂರರ ಕಥೆಗಳು ಬಂದಾಗ.

ದೇವನೂರರು ಸಮಾಜವಾದಿ ಯುವಜನ ಸಭೆಯ ಒಡನಾಟದಿಂದ ಬಂದವರು. ಅವರ ‘ಒಡಲಾಳ’ದಲ್ಲಿ ಕಳೆದುಹೋದ ತನ್ನ ಕೋಳಿಯನ್ನು ಸಾಕವ್ವ ಊರೆಲ್ಲ ಹುಡುಕುತ್ತಾಳೆ. ಅದೇ ರಾತ್ರಿ ಮಗ ಸಾಹುಕಾರರ ಕಡೆಯಿಂದ ಕದ್ದು ತಂದ ಕಡಲೆಕಾಯಿಯ ಮೂಟೆಯ ಸುತ್ತ ಇಡೀ ಸಂಸಾರ ಕುಳಿತು, ಸುಲಿದು, ಹುರಿದು, ಬೆಳಗಾಗುವುದರೊಳಗೆ ತಿಂದು ಮುಗಿಸುತ್ತದೆ. ಆಮೇಲೆ ಪೋಲೀಸರು ಬರುತ್ತಾರೆ. ಕಳವಿನ ಮಾಲು ಸಿಗುವುದಿಲ್ಲ, ಅದು ಒಡಲೊಳಗೆ ಸೇರಿಬಿಟ್ಟಿದೆ. ಇಲ್ಲಿ ಹಸಿವಿನ ಬಗ್ಗೆ ಒಂದು ಭಾಷಣವಿಲ್ಲ. ಆ ರಾತ್ರಿಯ ಸಂಭ್ರಮವನ್ನು ಓದುವಾಗ ನಾವು ಕಳ್ಳತನವನ್ನು ಮರೆತು, ಒಂದು ಹೊತ್ತು ಹೊಟ್ಟೆ ತುಂಬ ತಿಂದವರ ಮುಖದ ಬೆಳಕನ್ನಷ್ಟೇ ಕಾಣುತ್ತೇವೆ. ‘ಭಾರತೀಪುರ’ದ ಅಂಗಳದಲ್ಲಿ ಹಿಂದೆ ಸರಿದು ನಿಂತವರ ಮನೆಯೊಳಗೆ ಏನು ನಡೆಯುತ್ತಿತ್ತೆಂಬುದನ್ನು ಜಗನ್ನಾಥ ಕಾಣಲಾರದೆ ಹೋದ. ದೇವನೂರರು ನಮ್ಮನ್ನು ಅಂಥ ಮನೆಯೊಳಗೇ ಕೂರಿಸುತ್ತಾರೆ. ಲೋಹಿಯಾರಿಂದ ಬಂದ ಕಣ್ಣು ಇಲ್ಲಿ ಯಜಮಾನನ ಜಗಲಿಯಿಂದ ಕೆಳಗಿಳಿದು, ಗುಡಿಸಲಿನ ಒಳಗಿನಿಂದ ನೋಡತೊಡಗಿತು.

ನೀವು ಮುಂದೆ ಓದುವುದಾದರೆ ಲೋಹಿಯಾರ ರಾಜಕೀಯ ಲೇಖನಗಳಿಂದ ಆರಂಭಿಸಬೇಡಿ, ಅವುಗಳಲ್ಲಿ ಹಲವು ಆ ಕಾಲದ ಪಕ್ಷಗಳ ಜಗಳಗಳಿಗೆ ಕಟ್ಟುಬಿದ್ದಿವೆ. ಮೊದಲು ಸುಬ್ಬಣ್ಣನವರ ಅನುವಾದದಲ್ಲಿ ರಾಮ, ಕೃಷ್ಣ, ಶಿವರ ಪ್ರಬಂಧವನ್ನು, ಆಮೇಲೆ ಜಾತಿಯ ಕುರಿತ ಬರಹಗಳನ್ನು ಓದಿ. ಅನಂತರ ‘ಭಾರತೀಪುರ’ದ ಸಾಲಿಗ್ರಾಮದ ಪುಟಗಳನ್ನೂ ‘ಒಡಲಾಳ’ದ ಕಡಲೆಕಾಯಿಯ ರಾತ್ರಿಯನ್ನೂ ಒಂದರ ಬೆನ್ನಿಗೆ ಒಂದನ್ನಿಟ್ಟು, ಸಾಧ್ಯವಾದರೆ ಒಂದೇ ದಿನ, ಗಟ್ಟಿಯಾಗಿ ಓದಿಕೊಳ್ಳಿ.